ಪಂಕ್ತಿಗೆ ಕೂತ ಬಿಳಿ ಇಲಿಗಳು

ಮೊನ್ನೆ ಶ್ರಾವಣದ ಒಂದು ಮಧ್ಯಾಹ್ನ ಮೂಡಲಗಿಯ ಹತ್ತಿರ ನಮ್ಮ ಬಸ್ಸನ್ನು ಕುರಿಗಳು ನಿಲ್ಲಿಸಿದವು. ನಿಲ್ಲಿಸಿದವು ಎಂದರೆ ಅಡ್ಡಗಟ್ಟಿ ನಿಲ್ಲಿಸಲಿಲ್ಲ. ರಸ್ತೆಯ ತುಂಬ ತಮ್ಮ ಪಾಡಿಗೆ ನಡೆಯುತ್ತಿದ್ದವು, ಅಷ್ಟೇ. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ ಹಕ್ಕನ್ನು ನಮ್ಮ ಭಾಗದಲ್ಲಿ ಪೂರ್ತಿಯಾಗಿ ಅನುಭವಿಸುತ್ತಿರುವ ಪ್ರಜೆಗಳು ಅವೇ ಎಂದು ಕಾಣುತ್ತದೆ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಕಂಬಳಿ ಕೊಪ್ಪೆಯೊಳಗಿಂದ ಕುರುಬರ ಮುದುಕ ತಿರುಗಿ ನೋಡಿ, "ಯಾಕ ಒದರಾಕತ್ತೀಪಾ? ಅವಕ್ಕೇನ ಕಿವಿ ಇಲ್ಲಂತ ಮಾಡೀಯೇನು?" ಎಂದ. ಡ್ರೈವರ್ ಇಂಜಿನ್ ಬಂದ್ ಮಾಡಿ ಎಲಿ ಅಡಿಕೆ ತೆಗೆದ.

ಜಿಟಿಜಿಟಿ ಮಳೆ. ಕಿಟಕಿಯಿಂದ ತೊಯ್ದ ಉಣ್ಣೆಯ ವಾಸನೆ ಒಳಗೆ ಬಂತು. ಬಾಜೂಕಿನವರು ಟವೆಲಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕಣ್ಣು ಮುಚ್ಚಿ, ಗುಡಿಯಲ್ಲಿ ಊದಿನಕಡ್ಡಿಯ ಹೊಗೆ ಎಳೆದುಕೊಳ್ಳುವ ಭಕ್ತನಂತೆ, ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಅವರು ನನ್ನಿಂದ ಸ್ವಲ್ಪ ಸರಿದು ಕೂತರು. ಅವರ ತಪ್ಪಲ್ಲ. ತೊಯ್ದ ಕುರಿಯ ವಾಸನೆ ಬಂದರೆ ಎಲ್ಲರಿಗೂ ಕುರಿ ನೆನಪಾಗುತ್ತದೆ. ನನಗೆ ಇಲಿ ನೆನಪಾಗುತ್ತದೆ. ಇಲಿಯ ಹಿಂದೆ ಒಂದು ಮಳೆಗಾಲ, ಮಳೆಗಾಲದ ಹಿಂದೆ ಒಬ್ಬ ಹುಡುಗಿ, ಅವಳ ಹಿಂದೆ ಬಸಲಿಂಗಪ್ಪ. ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಾನು ನಿವೃತ್ತಿಗೆ ಹತ್ತಿರವಾಗಿದ್ದ ದಿನಗಳವು. ಗೋಕಾಕದಿಂದ ಅಂಕಲಗಿಗೆ ಹೋಗುವ ರಸ್ತೆಯ ಮೇಲಿನ ಒಂದು ಫಾರ್ಮಸಿ ಕಾಲೇಜಿನಲ್ಲಿ, ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಪಾಠ ಹೇಳುತ್ತಿದ್ದೆ. ಔಷಧ ಏನೂ ಮಾಡದೆ ಹಾಗೇ ಹೊರಗೆ ಹೋಗುವುದೂ ಉಂಟು. ಅದನ್ನು ಕೂಡ ಪಾಠ ಹೇಳುತ್ತಿದ್ದೆ. ಮನೆ ಹುಕ್ಕೇರಿಯಲ್ಲಿ. ಕಾಲೇಜಿನ ಹಿಂದೆ, ಬೇವಿನ ಗಿಡದ ಕೆಳಗೆ, ತಗಡಿನ ಮಾಡಿನ ಒಂದು ಕಟ್ಟಡವಿತ್ತು. ಅದರ ಹೆಸರು ಪ್ರಾಣಿಗೃಹ. ಹುಡುಗರ ಬಾಯಲ್ಲಿ ಇಲಿ ಹಾಸ್ಟೆಲ್. ಹುಡುಗರ ಹಾಸ್ಟೆಲಿಗಿಂತ ಅದರ ವ್ಯವಸ್ಥೆ ಮೇಲು ಎಂದು ಹುಡುಗರೇ ಒಪ್ಪುತ್ತಿದ್ದರು: ಹೊತ್ತಿಗೆ ಸರಿಯಾಗಿ ಊಟ, ಶುದ್ಧ ನೀರು, ವಾರಕ್ಕೆರಡು ಸಲ ಹೊಸ ಹಾಸಿಗೆ.

ಅದಕ್ಕೆಲ್ಲ ಕಾರಣ ಬಸಲಿಂಗಪ್ಪ. ಅಂಕಲಗಿಯವನು. ಐವತ್ತು ದಾಟಿದ ಗಟ್ಟಿ ಆಳು, ಬಿಳಿ ಟೊಪ್ಪಿಗೆ, ಹಣೆಯ ಮೇಲೆ ದಪ್ಪಗೆ ವಿಭೂತಿ. ನಮ್ಮಲ್ಲಿಗೆ ಬರುವ ಮೊದಲು ಹುಕ್ಕೇರಿ ತಾಲೂಕಿನ ಒಂದು ಮಠದ ದಾಸೋಹದಲ್ಲಿ ಬಹಳ ವರ್ಷ ಊಟ ಬಡಿಸಿದವನು. ಸವಟು ಹಿಡಿದ ಕೈಗೆ ನಾವು ಇಲಿಯ ಗೂಡು ಕೊಟ್ಟಿದ್ದೆವು. ಕೈಗೆ ಅದರ ವ್ಯತ್ಯಾಸ ತಿಳಿದಂತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದವನೇ, "ಶರಣ್ರಿ ಎಲ್ಲಾರಿಗೂ. ನೂಕಾಡಬ್ಯಾಡ್ರಿ, ಅವಸರ ಬ್ಯಾಡ, ಎಲ್ಲಾರಿಗೂ ಐತಿ" ಎಂದು ಕಾಳಿನ ಉಂಡೆ ಹಾಕುತ್ತ ಹೋಗುತ್ತಿದ್ದ. ಇಲಿಗಳು ನೂಕಾಡುತ್ತಲೇ ಇದ್ದವು. ಭಕ್ತರೂ ಹಾಗೇ ಮಾಡುತ್ತಿದ್ದರಂತೆ.

ಆ ವರ್ಷ ಎಂ. ಫಾರ್ಮ್ ಎರಡನೇ ವರ್ಷದಲ್ಲಿ ನನ್ನ ಕೈಕೆಳಗೆ ಪ್ರಬಂಧ ಬರೆಯಲು ಬಂದವಳು ಮಾಯಕ್ಕ. ಹಾಜರಿ ಕರೆಯುವಾಗ ಮಾಯಕ್ಕ, ಗೆಳತಿಯರಿಗೆ ಮಾಯಾ, ಬಸಲಿಂಗಪ್ಪನಿಗೆ ಮಾಯವ್ವ. ಮೂಡಲಗಿಯ ಆಚೆ ಕುರಿ ಸಾಕುವ ಮನೆತನ. ಕಬ್ಬು ಕಡಿದ ಹೊಲಗಳಲ್ಲಿ ಕುರಿ ತರುಬಿ ಬೆಳೆದ ಹುಡುಗಿ. ಹುಕ್ಕೇರಿಯ ಒಂದು ಡಿಪ್ಲೊಮಾ ಕಾಲೇಜಿನವರು ಅವಳಿಗೆ ಪಾಠ ಹೇಳುವ ಕೆಲಸ ಕೊಡಲು ಒಪ್ಪಿದ್ದರು. ಕರಾರು ಒಂದೇ: ಕಾರ್ತಿಕ ಮುಗಿಯುವುದರೊಳಗೆ ಪ್ರಬಂಧದ ಪರೀಕ್ಷೆ ಪಾಸಾಗಿರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಸಿದ್ಧವಾಗಿ ನಿಂತಿದ್ದರು. ಅವಳ ಮನೆತನದಲ್ಲಿ ಖುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಅಲ್ಲಿಯವರೆಗೆ ಯಾರೂ ಹೋದವರಿರಲಿಲ್ಲ. "ಪಾಠ ಹೇಳೂದು ನಿಂತ ಮಾಡೂ ಕೆಲಸ" ಎಂದು ನಾನು ತಿದ್ದಿದೆ. "ನಿಲ್ಲೂದು ನಮಗ ರೂಢಿ ಐತ್ರಿ ಸರ್" ಎಂದಳು.

ವಿಷಯ ಇದು. ಮೊಡವೆಗೆ, ಚಕ್ಕೆ ಏಳುವ ಚರ್ಮರೋಗಗಳಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಎ ಜೀವಸತ್ವದ ನೆಂಟನಾದ ಒಂದು ಔಷಧ ಇರುತ್ತದೆ. ಅದನ್ನು ಉಣ್ಣೆಯ ಜಿಡ್ಡಿನಲ್ಲಿ ಕಲೆಸಿ ಮಾಯಾ ಹೊಸ ಮುಲಾಮು ಮಾಡಿದ್ದಳು. ಮೊದಲ ದಿನ ಜಿಡ್ಡಿನ ಡಬ್ಬಿ ತೆರೆದಾಗ, "ಸರ್, ಇದು ನಮ್ಮಪ್ಪನ ಅಂಗಿ ವಾಸನಿ" ಎಂದು ನಕ್ಕಿದ್ದಳು. ಆ ಮುಲಾಮು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು. ಯಾರ ಮೇಲೆ? ಮನುಷ್ಯರು ಮೊದಲು ಒಪ್ಪುವುದಿಲ್ಲ; ಒಪ್ಪಲೂಬಾರದು. ಆದ್ದರಿಂದ ವಿಜ್ಞಾನ ಪ್ರಾಣಿಗಳ ಕಡೆ ತಿರುಗುತ್ತದೆ. ಮೊಲದ ಕಿವಿಯೊಳಗೆ ಎಣ್ಣೆ ಹಚ್ಚಿ ಮೊಡವೆಯಂಥದ್ದು ಎಬ್ಬಿಸುತ್ತಾರೆ. ಆಮೇಲೆ ಅದನ್ನು ಇಳಿಸುತ್ತಾರೆ. ಹೊರದೇಶಗಳಲ್ಲಿ ಮೈಮೇಲೆ ಒಂದು ಕೂದಲೂ ಇಲ್ಲದ ಇಲಿಗಳನ್ನು ಸಾಕುತ್ತಾರೆ. ಇನ್ನೊಂದು ಜಾತಿಯ ಇಲಿಗಂತೂ ಚರ್ಮ ನಿರಿಗೆ ನಿರಿಗೆಯಾಗಿ ಜೋತು ಬಿದ್ದು, ಅಂಗೈಯೊಳಗಿನ ಖಡ್ಗಮೃಗದ ಹಾಗೆ ಕಾಣುತ್ತದೆ. ಅಂಥ ಗಣ್ಯರು ಗೋಕಾಕ ತಾಲೂಕಿಗೆ ದಯಮಾಡಿಸುವುದಿಲ್ಲ. ನಮ್ಮ ಪಾಲಿಗೆ ಇದ್ದದ್ದು ಸಾದಾ ಬಿಳಿ ಇಲಿ, ಮತ್ತು ಅದರ ಬಾಲ.

ಇಲಿಯ ಬಾಲವನ್ನು ಹಗುರವಾಗಿ ಕಾಣುವವರಿದ್ದಾರೆ. ಅದರ ಚರ್ಮ ಹಾವಿನ ಮೈಯಂತೆ ಚಕ್ಕೆ ಚಕ್ಕೆ. ತೆಳ್ಳಗೆ ಸೀಳಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ, ಚಕ್ಕೆಯ ಕೆಳಗೆ ಇರಬೇಕಾದ ಒಂದು ಪದರವೇ ಇರುವುದಿಲ್ಲ. ಮನುಷ್ಯರ ಒಂದು ಹಟಮಾರಿ ಚರ್ಮರೋಗದಲ್ಲಿಯೂ ಹೀಗೇ. ಎ ಜೀವಸತ್ವದ ಈ ಔಷಧವನ್ನು ಕೆಲವು ವಾರ ಹಚ್ಚಿದರೆ ಆ ಪದರ ಮೂಡುತ್ತದೆ, ಸಾಸಿವೆ ಚೆಲ್ಲಿದ ಹಾಗೆ ನೇರಳೆ ಕಾಳಿನ ಒಂದು ಸಾಲು. ಆ ಸಾಲು ಬಂದರೆ ಮುಲಾಮು ಗೆದ್ದಂತೆ. ಆದರೆ ಗೆದ್ದದ್ದು ಔಷಧವೋ ಬರೀ ಜಿಡ್ಡೋ ಎಂದು ತಿಳಿಯಬೇಕಲ್ಲ? ಅದಕ್ಕೇ ಎಡಗಡೆಯ ಗೂಡಿನ ಇಲಿಗಳಿಗೆ ಬಿಳಿ ಮುಚ್ಚಳದ ಡಬ್ಬಿಯ ಬರೀ ಜಿಡ್ಡು. ಬಲಗಡೆಯ ಗೂಡಿನವಕ್ಕೆ ಹಳದಿ ಮುಚ್ಚಳದ ಡಬ್ಬಿಯ ಔಷಧ. ಇದಿಷ್ಟೇ ಪ್ರಯೋಗ. ಒಂದು ಗೆರೆ ಎಳೆದು ಆಚೆ ಈಚೆ ನೋಡುವುದು.

ಮಾಯಾ ಹಚ್ಚಲು ಸುರು ಮಾಡಿದ ಮೂರ್ನಾಲ್ಕು ದಿನಕ್ಕೆ ಘಟಪ್ರಭೆ ಏರಿತು. ಪ್ರತಿ ವರ್ಷ ಏರುವ ನದಿಯೇ. ಪ್ರತಿ ವರ್ಷ ನಾವು ಅಚ್ಚರಿಪಡುತ್ತೇವೆ. ಅಣೆಕಟ್ಟಿನಿಂದ ನೀರು ಬಿಟ್ಟರು, ಲೋಳಸೂರ ಸೇತುವೆ ಮುಳುಗಿತು, ಬಸ್ಸು ನಿಂತವು. ಮಾಯಾ ಮೂಡಲಗಿಯ ಕಡೆ ಉಳಿದಳು, ನಾನು ಹುಕ್ಕೇರಿಯಲ್ಲಿ. ನಮಗೂ ಕಾಲೇಜಿಗೂ ನಡುವೆ ಕೆಂಪು ನೀರು. ಕಾಲೇಜಿಗೆ ಸೂಟಿ ಕೊಟ್ಟರು. ಇಲಿಗಳಿಗೆ ಸೂಟಿ ಇಲ್ಲ. ಅಂಕಲಗಿಯಿಂದ ಕೊಡೆ ಹಿಡಿದು ಬರುತ್ತಿದ್ದವನು ಬಸಲಿಂಗಪ್ಪ ಒಬ್ಬನೇ.

ಮಾಯಾ ಫೋನಿನಲ್ಲಿ ಅವನಿಗೆ ಕೆಲಸ ಒಪ್ಪಿಸಿದಳು. ಆ ಮಾತುಕತೆಯನ್ನು ಆಮೇಲೆ ಅವಳು ನನಗೆ ಒಪ್ಪಿಸಿದ್ದು ಹೀಗೆ.

"ಕಾಕಾ, ಎಡಗಡಿ ಗೂಡಿಗೆ ಬಿಳಿ ಡಬ್ಬಿ, ಬಲಗಡಿ ಗೂಡಿಗೆ ಹಳದಿ ಡಬ್ಬಿ. ದಿನಕ್ಕೊಮ್ಮೆ. ಬಾಲದ ಬುಡಕ್ಕ ಅಷ್ಟ."

"ಆತವಾ. ನೀ ಚಿಂತಿ ಬಿಡು. ಬಿಳಿ ಡಬ್ಬ್ಯಾಗ ಏನೈತಿ?"

"ಬರೇ ಜಿಡ್ಡರಿ. ಔಷಧಿಲ್ಲ."

"ಔಷಧಿಲ್ಲ?"

"ಇಲ್ರಿ."

"ಹೂಂ" ಎಂದನಂತೆ ಬಸಲಿಂಗಪ್ಪ.

ಇಂಥ ಹೂಂಗಳ ಬಗ್ಗೆ ವಿಜ್ಞಾನ ಇನ್ನೂ ಸಾಕಷ್ಟು ಸಂಶೋಧನೆ ಮಾಡಿಲ್ಲ.

ನೀರು ಇಳಿದು ಬಸ್ಸು ಸುರುವಾಗುವ ಹೊತ್ತಿಗೆ ಪ್ರಯೋಗದ ಅವಧಿ ಬಹುತೇಕ ಮುಗಿದಿತ್ತು. ಮಾಯಾ ಪ್ರಾಣಿಗೃಹಕ್ಕೆ ಹೋಗಿ ಬಂದು, "ಸರ್, ಎರಡೂ ಗೂಡಿನ ಬಾಲ ಕೆಂಪಾಗ್ಯಾವ್ರಿ" ಎಂದಳು. ಈ ಔಷಧ ಹಚ್ಚಿದ ಚರ್ಮ ಮೊದಮೊದಲು ಕೆಂಪಾಗುವುದು ಸಹಜ. ಹಚ್ಚದ್ದು ಯಾಕೆ ಕೆಂಪಾಗಬೇಕು? ನಾನು ಹೋಗಿ ಕನ್ನಡಕ ಏರಿಸಿ ನೋಡಿದೆ, ಇಳಿಸಿ ನೋಡಿದೆ. ಕೊನೆಗೆ, "ಹವಾ ತಂಪ ಐತಿ, ಅದಕ್ಕ" ಎಂದೆ. ಪ್ರಾಧ್ಯಾಪಕನಿಗೆ ತಿಳಿಯದ್ದಕ್ಕೆಲ್ಲ ಹವೆ ಹೊಣೆ ಹೊರುತ್ತದೆ. ಹಿಂದಿನಿಂದ ಬಂದ ಪದ್ಧತಿ.

ಬಾಲದ ಚರ್ಮ ತೆಗೆಯಲು ಇಲಿಗಳನ್ನು ನೋವಾಗದಂತೆ ಮುಗಿಸಬೇಕಿತ್ತು. ಅಂಥ ದಿನ ಬಸಲಿಂಗಪ್ಪ ಯಾವಾಗಲೂ ರಜೆ ಹಾಕುತ್ತಿದ್ದ. ಅವನ ಬೀಗರು ಆ ದಿನಗಳಲ್ಲೇ ಕಾಯಿಲೆ ಬೀಳುತ್ತಿದ್ದರು. ಹಿಂದಿನ ಸಂಜೆ ಕೀಲಿ ಕೊಡಲು ಬಂದವನು ಬಾಗಿಲಲ್ಲಿ ನಿಂತ.

"ಸರ, ಹಚ್ಚಿದವೂ ಹೋಗೂವ, ಹಚ್ಚದವೂ ಹೋಗೂವ. ಮತ್ತ ಎಡ ಬಲ ಯಾಕ್ರಿ?"

"ವ್ಯತ್ಯಾಸ ಅವುಗಳಿಗಲ್ಲ ಬಸಲಿಂಗಪ್ಪ, ನಮಗ" ಎಂದೆ.

"ಅಂದ್ರ ನಮ್ಮ ಸಲುವಾಗಿ ಅವು ಬ್ಯಾರೆ ಬ್ಯಾರೆ ಕೂಡಬೇಕು" ಎಂದು ತಾನೇ ಅರ್ಥ ಹೇಳಿಕೊಂಡು ಹೋದ.

ಭಾದ್ರಪದದಲ್ಲಿ ಬಾಲದ ಚರ್ಮ ಅಂಟಿಸಿದ ಗಾಜಿನ ಪಟ್ಟಿಗಳು ತಯಾರಾಗಿ ಬಂದವು. ಮಾಯಾ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಳು. ಬಲಗಡೆಯ ಗೂಡಿನ ಮೊದಲ ಪಟ್ಟಿ ಇಟ್ಟವಳೇ, "ಬಂದೈತ್ರಿ ಸರ್! ಕಾಳ ಬಂದಾವು!" ಎಂದು ಕುಣಿಯುವುದೊಂದು ಬಾಕಿ. ನಾನು ಗಂಭೀರವಾಗಿ ನೋಡಿ ತಲೆಯಾಡಿಸಿದೆ. ಎಡಗಡೆಯ ಪಟ್ಟಿ ಇಟ್ಟಳು. ಅದನ್ನು ಆಚೆ ಈಚೆ ಸರಿಸಿ ಮತ್ತೆ ಮತ್ತೆ ನೋಡಿದಳು.

"ಸರ್, ಇದಕ್ಕೂ ಬಂದಾವ್ರಿ."

"ಪಟ್ಟಿ ಅದಲಿ ಬದಲಿ ಆಗಿರಬೇಕು."

"ನಾನ ಗುರ್ತ ಹಾಕೇನ್ರಿ. ನಮ್ಮ ಮನ್ಯಾಗ ಅಷ್ಟ ಕುರಿ ಒಳಗ ಗುರ್ತ ತಪ್ಪೂದಿಲ್ಲ. ಇಷ್ಟ ಬಾಲದೊಳಗ ತಪ್ಪತೈತೇನ್ರಿ?"

ಎಡಗಡೆಯ ಎಲ್ಲ ಪಟ್ಟಿಗಳಲ್ಲೂ ಅದೇ ಸಾಸಿವೆಯ ಸಾಲು. ಆಗ ನನ್ನ ತಲೆಯಲ್ಲಿ ಒಂದು ಮಹತ್ತರ ವಿಚಾರ ಮಿಂಚಿತು. ಬರೀ ಜಿಡ್ಡು ಹಚ್ಚಿದ್ದಕ್ಕೇ ಪದರ ಬಂದಿದ್ದರೆ, ಗುಣ ಇರುವುದು ಔಷಧದಲ್ಲಲ್ಲ, ಉಣ್ಣೆಯಲ್ಲಿ! ಆ ಒಂದು ಮಧ್ಯಾಹ್ನದ ಮಟ್ಟಿಗೆ ಮೂಡಲಗಿಯ ಕುರಿ ಜಗತ್ತಿನ ಚರ್ಮರೋಗಗಳನ್ನೆಲ್ಲ ಗುಣಪಡಿಸಿತು. ಪರದೇಶದ ಪಂಡಿತರು ಗೋಕಾಕಕ್ಕೆ ಬಂದಿಳಿದು ಕರದಂಟು ತಿನ್ನುತ್ತ ನನ್ನ ಮಾತು ಕೇಳುವ ದೃಶ್ಯವನ್ನೂ ನಾನು ಕಂಡೆ. ಮಾಯಾ ಅಷ್ಟರಲ್ಲಿ ಎದ್ದು ಹೋಗಿ, ಎರಡು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದಳು. ಹಳದಿ ಡಬ್ಬಿ ತಳ ಕಂಡಿತ್ತು. ಬಿಳಿ ಡಬ್ಬಿ ತುಂಬಿದ ಹಾಗೇ ಇತ್ತು.

ಇಬ್ಬರೂ ಪ್ರಾಣಿಗೃಹಕ್ಕೆ ಹೋದೆವು. ಬಸಲಿಂಗಪ್ಪ ಖಾಲಿ ಗೂಡು ತೊಳೆಯುತ್ತಿದ್ದ.

"ಕಾಕಾ, ಬಿಳಿ ಡಬ್ಬಿ ಹಂಗ ಐತಲ್ರಿ?"

"ಐತಿ. ಅದನ್ಯಾಂವ ಹಚ್ಚತಾನು?"

"ಎಡಗಡಿಯವಕ್ಕ ಅದನ್ನ ಹಚ್ಚರಿ ಅಂತ ಹೇಳಿದ್ನೆಲ್ರಿ!"

"ನೀ ಹೇಳಿದಿ, ಖರೆ. ನನ್ನ ಕೈ ಕೇಳಬೇಕಲ್ಲ?" ಅವನ ದನಿಯಲ್ಲಿ ತಪ್ಪು ಮಾಡಿದವನ ಲಕ್ಷಣವೇ ಇರಲಿಲ್ಲ, ಒಳ್ಳೆಯ ಕೆಲಸ ಮಾಡಿ ಯಾರಾದರೂ ಕೇಳಲಿ ಎಂದು ಕಾದವನ ಸಂತೋಷವಿತ್ತು. "ಒಂದ ಮಾಡಿನ ಕೆಳಗ ಕೂತಾವು. ಇತ್ತಾಗಿನವಕ್ಕ ಔಷಧ, ಅತ್ತಾಗಿನವಕ್ಕ ಬರೇ ಜಿಡ್ಡು? ಪಂಕ್ತಿಭೇದ ಮಾಡಾಕ ನನ್ನ ಕಡಿಂದ ಆಗೂದಿಲ್ಲವಾ. ಮಠದಾಗ ಸಾವಕಾರ ಕೂತಿರ್ಲಿ, ಹಮಾಲ ಕೂತಿರ್ಲಿ, ಸವಟಿಗೆ ಮಾರಿ ಕಾಣೂದಿಲ್ಲ. ಎಲ್ಲಾರಿಗೂ ಹಳದೀದ ಹಚ್ಚೀನಿ. ಒಂದೂ ಬಿಟ್ಟಿಲ್ಲ."

ಮಾಯಾ ಕಾಳಿನ ಚೀಲದ ಮೇಲೆ ಕುಸಿದು ಕೂತಳು. "ಕಾಕಾ, ನನ್ನ ಪ್ರಯೋಗ ಕೆಟ್ಟತ್ರಿ."

"ಕೆಟ್ಟಿತು? ಬಾಲ ಚೊಲೊ ಆಗ್ಯಾವಿಲ್ಲೊ?"

"ಎಲ್ಲಾ ಚೊಲೊ ಆಗ್ಯಾವ್ರಿ."

"ಎಲ್ಲಾ ಚೊಲೊ ಆದ್ರ ಕೆಡಾಕ ಹೆಂಗ ಬರ್ತೈತಿ?"

ಅವನು ನನ್ನ ಮುಖ ನೋಡಿದ. ಈ ಪ್ರಶ್ನೆಗೆ ನಾನು ಪ್ರತಿ ವರ್ಷ ಒಂದು ಇಡೀ ತಾಸು ಪಾಠ ಹೇಳುತ್ತಿದ್ದೆ. ಆ ಹೊತ್ತಿನಲ್ಲಿ ಮಾತ್ರ ಖಾಲಿ ಗೂಡುಗಳನ್ನು ಎಣಿಸತೊಡಗಿದೆ. ಮಾಯಾಳೇ ಹೇಳಿದಳು, ಸಿಟ್ಟಿಲ್ಲದೆ, ತಲೆ ತಗ್ಗಿಸಿ. ಹೋಲಿಸಿ ನೋಡಲು ಔಷಧ ಹಚ್ಚದ್ದು ಒಂದಾದರೂ ಬೇಕು, ಇಲ್ಲದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಪರೀಕ್ಷೆಯಿಲ್ಲ, ಕಾರ್ತಿಕ ದಾಟಿದರೆ ಹುಕ್ಕೇರಿಯ ಕೆಲಸವಿಲ್ಲ. ಬಸಲಿಂಗಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಹುಡುಗಿಗಾಗಿ ಒಂದು ಕೆಲಸ ಕಾದಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. "ಮೊದಲ ಹೇಳಬೇಕಿಲ್ಲೇನವಾ" ಎಂದ, ಬಹಳ ಸಣ್ಣ ದನಿಯಲ್ಲಿ.

ಇನ್ನೊಮ್ಮೆ ಪ್ರಯೋಗ ಮಾಡಲು ಪ್ರಾಣಿಗಳ ಹಿತ ನೋಡುವ ಸಮಿತಿ ಒಪ್ಪಬೇಕು. ಸಮಿತಿ ಎಂದರೆ ಚಹಾ ಕುಡಿದ ಮೇಲೆ ಸಂದೇಹ ಪಡುವ ಒಂದು ಗುಂಪು. ಮಾಯಾ ಅವರೆದುರು ನಿಂತು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಅವರು ಒಪ್ಪಿದರು, ಆದರೆ ಷರತ್ತು ಹಾಕಿದರು: ಇಲಿಗಳು ಮೊದಲಿಗಿಂತ ಕಡಿಮೆ, ಮತ್ತು ಒಂದನ್ನೂ ಕೊಲ್ಲುವಂತಿಲ್ಲ. ಮಂಪರು ಕೊಟ್ಟು ಬಾಲದಿಂದ ಎಳ್ಳುಕಾಳಿನಷ್ಟು ಚರ್ಮ ತೆಗೆದುಕೊಂಡರೆ ಸಾಕು. ನವರಾತ್ರಿಯಲ್ಲಿ ಸುರು ಮಾಡಿದರೆ ಕಾರ್ತಿಕದೊಳಗೆ ಮುಗಿಯುತ್ತಿತ್ತು. ಇನ್ನೊಮ್ಮೆ ಕೆಟ್ಟರೆ ಮುಗಿಯುತ್ತಿರಲಿಲ್ಲ.

"ಈ ಸಲ ನಾನ ಹಚ್ಚತೇನಿ" ಎಂದೆ ನಾನು, ಗುರುವಿನ ತ್ಯಾಗಬುದ್ಧಿಯಿಂದ. ಮಾಯಾಳಿಗೆ ಹಗಲೆಲ್ಲ ಪ್ರಬಂಧ ಬರೆಯುವ ಕೆಲಸವಿತ್ತು.

"ಬ್ಯಾಡ್ರಿ ಸರ್. ಕಾಕಾನ ಹಚ್ಚಲಿ."

"ಯಾರು?"

"ಕಾಕಾ. ನೀವು ಹಚ್ಚಿದ್ರ ನಿಮ್ಮ ಹಿಂದ ಬಂದು ಹಳದೀದು ಹಚ್ಚಿ ಹೋಗ್ತಾರು. ನಾ ಹಚ್ಚಿದ್ರೂ ಅಷ್ಟ. ಕಾಕಾನ ಹಚ್ಚಿದ್ರ ಹಿಂದ ಬಂದು ಹಚ್ಚಾವ್ರು ಯಾರೂ ಉಳಿಯೂದಿಲ್ಲ."

ಇಷ್ಟು ಖಚಿತವಾದ ತರ್ಕವನ್ನು ನಾನು ನನ್ನ ನೌಕರಿಯಲ್ಲಿ ಹೆಚ್ಚು ಸಲ ಕೇಳಿರಲಿಲ್ಲ. ಆದರೆ ಬಸಲಿಂಗಪ್ಪ ಒಪ್ಪಬೇಕಲ್ಲ. ಅವನು ಪ್ರಾಣಿಗೃಹದ ಕಟ್ಟೆಯ ಮೇಲೆ ಕೂತು ತಲೆಯಲ್ಲಾಡಿಸುತ್ತಲೇ ಇದ್ದ. "ನಿನ್ನ ಕೆಲಸದ ಸಲುವಾಗಿ ನನ್ನ ಕೈ ಕಡದ ಕೊಡ್ತೇನಿ ತಂಗಿ. ಆದ್ರ ಆ ಕೈಲೇ ಭೇದ ಮಾಡು ಅನಬ್ಯಾಡ."

ಮಾಯಾ ಅವನ ಎದುರು ಕುಕ್ಕರಗಾಲಿನಲ್ಲಿ ಕೂತಳು, ಕುರಿಯ ಕಾಲು ನೋಡುವವರ ಹಾಗೆ.

"ಕಾಕಾ, ಮಠದಾಗ ಪಂಕ್ತಿ ಕೂತಾಗ ನೀವೂ ಕೂತ ಉಣ್ತಿದ್ರೇನ್ರಿ?"

"ನಾ ಹೆಂಗ ಕೂಡಲಿ? ಬಡಸಾಂವ ನಾನು."

"ಹಸಿವು ಆಗ್ತಿದ್ದಿಲ್ಲ?"

"ಹುಗ್ಗಿ ವಾಸನಿಗೆ ಹೊಟ್ಟಿ ಚುರ್ ಅಂತಿತ್ತು. ಆಗದ ಏನು?"

"ಎಲ್ಲಾರೂ ಉಣ್ಣಾಕತ್ತಾರು, ನೀವೊಬ್ರ ಹಸದ ನಿಂತೀರಿ. ಅದು ಭೇದ ಅಲ್ಲನ್ರಿ?"

"ಏ, ಅದೆಂಗ ಭೇದ ಆಕ್ಕೈತಿ? ಒಬ್ರರ ಹಸದ ನಿಂತ್ರನ ಪಂಕ್ತಿ ಸಾಗತೈತಿ."

"ಎಡಗಡಿ ಇಲಿನೂ ಬಡಸಾವ್ರ ರೀ ಕಾಕಾ. ಅವು ಹಂಗ ನಿಂತ್ರನ ಬಲಗಡಿಯವಕ್ಕ ಏನ ಸಿಕ್ಕತು ಅಂತ ಗೊತ್ತಾಗತೈತಿ."

ಬೇವಿನ ಗಿಡದಲ್ಲಿ ಕಾಗೆಯೊಂದು ತನ್ನ ಅಭಿಪ್ರಾಯ ಹೇಳಿತು. ಬಸಲಿಂಗಪ್ಪ ನನ್ನ ಕಡೆ ತಿರುಗಿ, "ಸರ, ಇಷ್ಟ ವರ್ಷ ನೀವು ಇದನ್ನ ಹಿಂಗ ಯಾಕ ಹೇಳಲಿಲ್ರಿ?" ಎಂದ. ನಾನು ಕನ್ನಡಕ ಒರೆಸಿಕೊಂಡೆ. ಅವನು ಎದ್ದು, ಕೈ ತೊಳೆದು, ಎರಡೂ ಡಬ್ಬಿ ಇಸಿದುಕೊಂಡ.

ಆ ವಾರಗಳಲ್ಲಿ ಪ್ರಾಣಿಗೃಹದ ಸದ್ದು ಬದಲಾಯಿತು. ಬಲಗಡೆಯ ಗೂಡಿನೆದುರು ಎಂದಿನ ಹಾಗೆ "ಬರ್ರಿ, ಬರ್ರಿ, ಬಾಲ ಕೊಡ್ರಿ" ಎಂಬ ಉಪಚಾರ ಕೇಳುತ್ತಿತ್ತು. ಎಡಗಡೆಗೆ ಬಂದಾಗ ಮಾತು ನಿಲ್ಲುತ್ತಿತ್ತು. ಮುಖ ಬೇರೆ ಕಡೆ ತಿರುಗಿಸಿ, ಗಾಜಿನ ಕಡ್ಡಿಯಿಂದ ಬಿಳಿ ಡಬ್ಬಿಯ ಜಿಡ್ಡು ತೆಗೆದು ಹಚ್ಚುತ್ತಿದ್ದ. ಒಮ್ಮೆ ನನ್ನ ಹತ್ತಿರ ಬಂದು, "ಅವಕ್ಕ ಎರಡ ಕಾಳ ಶೇಂಗಾ ಹಾಕ್ಲೇನ್ರಿ? ಔಷಧ ಅಲ್ಲಲ್ಲ ಅದು" ಎಂದು ಕೇಳಿದ. ಬೇಡ ಎಂದೆ. "ಬಲಗಡಿಯವಕ್ಕೂ ಹಾಕ್ತೇನ್ರಿ" ಎಂದ. ಆಗಲೂ ಬೇಡ ಎಂದೆ. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎನ್ನುತ್ತೇವಲ್ಲ, ಆ ದಿನ ಅವನು ಎರಡೂ ಗೂಡಿನ ಮೇಲೆ ಬನ್ನಿ ಎಲೆ ಇಟ್ಟಿದ್ದ. ಅದಕ್ಕೆ ಮಾತ್ರ ನಾನು ಅಡ್ಡಿ ಮಾಡಲಿಲ್ಲ. ಬನ್ನಿಗೆ ಬಾಲದ ಮೇಲೆ ಯಾವ ಪರಿಣಾಮವೂ ಇದ್ದಂತೆ ಕಾಣೆ.

ಮಾಯಾ ಒಂದು ದಿನವೂ ಅವನ ಹಿಂದೆ ನಿಂತು ನೋಡಲಿಲ್ಲ. "ಒಮ್ಮೆ ನೋಡಿ ಬಾ" ಎಂದರೆ, "ಹಂಗ ನೋಡಿದ್ರ ಕಾಕಾಗ ಬ್ಯಾಸರ ಆಕ್ಕೈತ್ರಿ" ಎನ್ನುತ್ತಿದ್ದಳು. ನೋಡಿದವನು ನಾನು, ಕಿಟಕಿಯಿಂದ. ಅದು ಮೇಲ್ವಿಚಾರಣೆ, ಇಣುಕುವುದು ಅಲ್ಲ.

ಗಾಜಿನ ಪಟ್ಟಿಗಳು ಬಂದ ದಿನ ಮಾಯಾ ಮೊದಲು ಎಡಗಡೆಯದನ್ನೇ ಇಟ್ಟಳು. ಸಾಸಿವೆ ಇಲ್ಲ. ಎರಡನೆಯದರಲ್ಲಿ ಇಲ್ಲ. ಯಾವುದರಲ್ಲೂ ಇಲ್ಲ. ಬಲಗಡೆಯವುಗಳಲ್ಲಿ ಸಾಲಿಗೆ ಸಾಲು. ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಹೆಗಲು ಮಾತ್ರ ಅಲುಗಿದವು. ನಾನು ಹೊರಗೆ ಹೋಗಿ ಬೇವಿನ ಗಿಡವನ್ನು ಪರಿಶೀಲಿಸಿದೆ.

ಪರೀಕ್ಷೆ ಕಾರ್ತಿಕದ ಕೊನೆಯ ವಾರಕ್ಕೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು ದಕ್ಷಿಣದ ಕಡೆಯವರು, ತೆಳ್ಳಗಿನ ಮನುಷ್ಯ. ಫೇಲು ಮಾಡುವುದರಲ್ಲಿ ಅವರದು ಎತ್ತಿದ ಕೈ ಎಂಬ ಖ್ಯಾತಿ ಅವರಿಗಿಂತ ಮೊದಲೇ ಬಸ್ಸಿಳಿದಿತ್ತು. ಪ್ರಬಂಧದಲ್ಲಿ ಮಾಯಾ ಮೊದಲ ಸಲದ್ದನ್ನೂ ಮುಚ್ಚಿಡದೆ ಬರೆದಿದ್ದಳು. ಅವರು ಅದೇ ಪುಟ ತೆರೆದರು.

"ಮೊದಲ ಸಲ ಎಲ್ಲದಕ್ಕೂ ಔಷಧ ಹಚ್ಚಿದ್ದು ಯಾರಮ್ಮ?"

"ನಮ್ಮ ಪ್ರಾಣಿಗೃಹದ ಬಸಲಿಂಗಪ್ಪ ಕಾಕಾ ಅವರು ಸರ್."

"ಎರಡನೇ ಸಲ ಹಚ್ಚಿದ್ದು?"

"ಅವರೇ ಸರ್."

ಅವರು ಪುಸ್ತಕ ಮುಚ್ಚಿದರು. "ಹಾಗಾದರೆ ನಾನು ನಂಬುವುದು ಹೇಗೆ? ಬಿಳಿ ಡಬ್ಬಿ ಮುಟ್ಟಲು ಆ ಮನುಷ್ಯನಿಗೆ ಮನಸ್ಸಿಲ್ಲ. ಈ ಸಲ ಅವರು ಎಡಗಡೆಯ ಇಲಿಗಳನ್ನು ಹಾಗೇ ಬಿಟ್ಟಿದ್ದರೆ? ಒಂದು ಗೂಡಿಗೆ ಮುಲಾಮು ತಿಕ್ಕಿ, ಇನ್ನೊಂದನ್ನು ಮುಟ್ಟದೇ ಇದ್ದರೆ, ಸಾಲು ತಂದದ್ದು ಔಷಧವೋ ತಿಕ್ಕಿದ್ದೋ ಜಿಡ್ಡೋ, ಹೇಗೆ ಹೇಳುತ್ತೀರಿ? ಎರಡು ಕಡೆಯೂ ಒಂದೇ ಸಮ ಹಚ್ಚಿದ್ದರೆ ಮಾತ್ರ ಇದಕ್ಕೆ ಬೆಲೆ."

ಸರಿಯಾದ ಪ್ರಶ್ನೆ. ನಾನೇ ಪರೀಕ್ಷಕನಾಗಿದ್ದರೂ ಅದನ್ನೇ ಕೇಳುತ್ತಿದ್ದೆ; ಆ ಕ್ಷಣದಲ್ಲಿ ಮಾತ್ರ ಅವರ ಮೇಲೆ ಬಹಳ ಸಿಟ್ಟು ಬಂತು. ಮಾಯಾ ಎದ್ದು ಬಾಗಿಲ ತನಕ ಹೋಗಿ, "ಕಾಕಾ, ಒಂದೀಟ ಒಳಗ ಬರ್ರಿ" ಎಂದು ಕರೆದಳು. ಬಸಲಿಂಗಪ್ಪ ಚಹಾದ ತಟ್ಟೆ ಹಿಡಿದು ಹೊರಗೇ ನಿಂತಿದ್ದ. ಹಾಗೇ ಒಳಗೆ ಬಂದ.

"ಎರಡನೇ ಸಲ ಎಡಗಡೆಯವಕ್ಕೆ ಬಿಳಿ ಡಬ್ಬಿಯದ್ದು ಹಚ್ಚಿದಿರಾ, ಬಿಟ್ಟಿರಾ?" ಎಂದರು ಪರೀಕ್ಷಕರು.

"ಹಚ್ಚೀನ್ರಿ. ದಿನಾ. ಬಲಗಡಿಯವಕ್ಕ ಎಷ್ಟೋ ಅಷ್ಟ, ಎಷ್ಟ ಹೊತ್ತೋ ಅಷ್ಟ ಹೊತ್ತು."

"ಅದರಲ್ಲಿ ಔಷಧ ಇಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ರಿ."

"ಗೊತ್ತಿದ್ದೂ?"

ಬಸಲಿಂಗಪ್ಪ ತಟ್ಟೆ ಮೇಜಿನ ಮೇಲಿಟ್ಟ. "ಗೊತ್ತಿದ್ದ ಹಚ್ಚೀನ್ರಿ. ನೀವು ಸುಮ್ಮ ಬಿಟ್ಟೀಯೇನು ಅಂತ ಕೇಳಾಕತ್ತೀರಿ. ಬಿಟ್ಟಿದ್ರ ನನಗ ಹಗುರ ಆಗ್ತಿತ್ರಿ. ಹಚ್ಚುಮುಂದ ಅವು ಬಾಲ ಕೊಟ್ಟ ನಿಲ್ತಿದ್ದೂರಿ, ಏನೋ ಸಿಗತೈತಿ ಅಂತ. ಖಾಲಿ ಸವಟು ಬಡಿಸಿದಂಗ ಆಗ್ತಿತ್ರಿ ನನಗ. ಒಂದಿನ ಅಲ್ಲ, ಅಷ್ಟೂ ದಿನ. ಈ ಹುಡುಗಿ ಹುಕ್ಕೇರಿ ಕೆಲಸಕ್ಕ ಹೋಗಬೇಕಂತ, ಹಲ್ಲ ಕಚ್ಚಿ ಬಡಿಸೀನ್ರಿ." ಸ್ವಲ್ಪ ತಡೆದು, "ಚಾ ಆರಾಕತ್ತೈತಿ, ತಗೋರಿ" ಎಂದ.

ಪರೀಕ್ಷಕರು ಚಹಾ ತೆಗೆದುಕೊಳ್ಳಲಿಲ್ಲ. ಅವನ ಕೈಗಳ ಕಡೆಗೇ ನೋಡುತ್ತಿದ್ದರು. ಆಮೇಲೆ ಪುಸ್ತಕ ಮತ್ತೆ ತೆರೆದು, ಗಾಜಿನ ಪಟ್ಟಿಗಳ ಚಿತ್ರಗಳನ್ನು ಒಂದೊಂದಾಗಿ ನೋಡಿದರು, ಮೊದಲಿನಿಂದ ಕೊನೆಯವರೆಗೆ. ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದ ಮೇಲೆ ಮಾಯಾಳಿಗೆ, "ಹುಕ್ಕೇರಿಯಲ್ಲಿ ಯಾವಾಗ ಸೇರುತ್ತೀರಿ?" ಎಂದು ಕೇಳಿದರು. ಅವಳು ಉತ್ತರ ಹೇಳುವ ಮೊದಲು ತಿರುಗಿ ಬಸಲಿಂಗಪ್ಪನನ್ನು ಹುಡುಕಿದಳು; ಅವನು ಕೋಣೆಯಲ್ಲಿರಲಿಲ್ಲ.

ಪೇಢೆ ಹಂಚುವ ಹೊತ್ತಿಗೂ ಬರಲಿಲ್ಲ. ಕರೆಯಲು ನಾನೇ ಪ್ರಾಣಿಗೃಹಕ್ಕೆ ಹೋದೆ. ಎಡಗಡೆಯ ಗೂಡಿನ ಬಾಗಿಲು ತೆರೆದಿತ್ತು. ಹಳದಿ ಮುಚ್ಚಳ ಕಟ್ಟೆಯ ಮೇಲೆ ಬಿದ್ದಿತ್ತು. ಅವನು ಬೆನ್ನು ತಿರುಗಿಸಿ ಕೂತು, ಒಂದು ಬಾಲ ಮುಗಿಸಿ ಇನ್ನೊಂದನ್ನು ಹಿಡಿಯುತ್ತ, ಬಾಯ್ತುಂಬ ಮಾತಾಡುತ್ತಿದ್ದ.

"ಬಸಲಿಂಗಪ್ಪ, ಪೇಢೆ ತಗೋ ಬಾ."

"ಒಂದೀಟ ತಡೀರಿ ಸರ" ಎಂದ, ತಿರುಗದೆ. "ಕೈ ತುಂಬ ಮುಲಾಮೈತಿ."